ಬಿಸಿಲೂರಿನ ಮನೆಗೆ ನೀರಿನ ಘಮ

ಮಗಳೇ, ಬಳ್ಳಾರಿಯಲ್ಲಿ ಹೊಸ ಸಂಸಾರ ಹೂಡಿದ್ದೀಯ. ಮನೆ ಘಮ್ಮೆನ್ನಬೇಕೆಂಬ ನಿನ್ನ ಆಸೆ ಒಳ್ಳೆಯದೇ. ಬಾಗಿಲು ತೆರೆದೊಡನೆ ಹಿತವಾದ ಪರಿಮಳ ಮೂಗಿಗೆ ತಾಗಿದರೆ, ದಣಿದು ಬಂದವರ ಮುಖ ಅರಳುತ್ತದೆ. ಆದರೆ ಈಗ ಅಂಗಡಿಯಲ್ಲಿ, ಫೋನಿನಲ್ಲಿ ಕಣ್ಣಿಗೆ ಬೀಳುವ ಸುಗಂಧದ ಸಾಮಾನುಗಳಲ್ಲಿ ಎಷ್ಟೋ ಚಳಿ ದೇಶದ ಮನೆಗಳನ್ನು ನೆನೆದು ಮಾಡಿದವು. ಅಲ್ಲಿ ಕಿಟಕಿ ಮುಚ್ಚಿ, ಬತ್ತಿ ಹಚ್ಚಿ, ದಾಲ್ಚಿನ್ನಿ ವೆನಿಲ್ಲಾಗಳ ಬೆಚ್ಚನೆಯ ವಾಸನೆಯಲ್ಲಿ ಕೂರುವುದೇ ಸುಖ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿನ್ನೂರಿನಲ್ಲಿ ಘಮಕ್ಕೆ ಬೆಂಕಿಯ ಸಹವಾಸ ಕಡಿಮೆಯಿರಲಿ, ನೀರಿನ ಸಹವಾಸ ಹೆಚ್ಚಿರಲಿ.

ಏನನ್ನಾದರೂ ಕೊಳ್ಳುವ ಮೊದಲು ಕೆಟ್ಟ ವಾಸನೆ ಎಲ್ಲಿಂದ ಬರುತ್ತಿದೆ ನೋಡು. ಬಚ್ಚಲಿನ ಜಾಲರಿಯ ಕೆಳಗೆ, ನಹಾನಿ ಟ್ರ್ಯಾಪಿನಲ್ಲಿ, ಒಂದಿಷ್ಟು ನೀರು ಸದಾ ನಿಂತಿರುತ್ತದೆ. ಚರಂಡಿಯ ಗಾಳಿಯನ್ನು ತಡೆಯುವುದು ಅದೇ. ಬಳಸದ ಬಚ್ಚಲಿನಲ್ಲಿ ಬೇಸಿಗೆಗೆ ಅದು ಬೇಗ ಆರಿಹೋಗುತ್ತದೆ. ಬಹಳ ದಿನ ಊರಿಗೆ ಹೋಗಿ ಬಂದಾಗ ಮನೆ ನಾರುವುದು ಹೆಚ್ಚಾಗಿ ಇದಕ್ಕೇ. ಒಂದು ಚೊಂಬು ನೀರು ಸುರಿದರೆ ಮುಗಿಯಿತು. ನಾತದ ಮೇಲೆ ಸುಗಂಧ ಸಿಂಪಡಿಸಿದರೆ ಎರಡೂ ಸೇರಿ ತಲೆನೋವೇ ಗತಿ.

ನಿನ್ನೂರಿಗೆ ಲಾವಂಚದಷ್ಟು ಒಗ್ಗುವ ಘಮ ಇನ್ನೊಂದು ನನಗೆ ತೋರದು. ಮುಡಿವಾಳ ಅನ್ನುವುದೂ ಅದನ್ನೇ. ಹುಲ್ಲಿನ ಬೇರು ಅದು. ಒಣಗಿದ್ದಾಗ ನವಿರಾಗಿ, ನೀರು ತಾಗಿದೊಡನೆ ಮೊದಲ ಮಳೆಗೆ ನೆಂದ ನೆಲದ ಹಾಗೆ ಘಮಿಸುತ್ತದೆ. ಗಾಳಿ ಬರುವ ಕಿಟಕಿಗೆ ಲಾವಂಚದ ತಟ್ಟಿ ಇಳಿಬಿಟ್ಟು ಮಧ್ಯಾಹ್ನ ನೀರು ಚಿಮುಕಿಸು. ಬಳ್ಳಾರಿಯ ಬೇಸಿಗೆಯದು ಒಣಗಾಳಿ, ನೀರನ್ನು ಬೇಗ ಹೀರುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನೂ ಎಳೆದುಕೊಳ್ಳುತ್ತದೆ. ಹೀಗೆ ತಂಪೂ ಘಮವೂ ಒಟ್ಟಿಗೇ ಒಳಗೆ ಬರುತ್ತವೆ. ತಟ್ಟಿ ಸಿಗದಿದ್ದರೆ ಕೂಲರಿನ ಪ್ಯಾಡಿಗೆ ಒಂದು ಹಿಡಿ ಬೇರು ಸಿಕ್ಕಿಸಿದರೂ ಆದೀತು. ಆಗಾಗ ಬಿಸಿಲಿಗೆ ಹಾಕಿ ಒಣಗಿಸುವುದನ್ನು ಮಾತ್ರ ಮರೆಯಬೇಡ, ಬೂಸು ಹಿಡಿಯುತ್ತದೆ. ಮಂಗಳೂರಿನ ನಿನ್ನ ಅಕ್ಕನಿಗೆ ಇದನ್ನು ಹೇಳಿ ತಟ್ಟಿ ಕೊಳ್ಳಿಸಬೇಡ. ಅಲ್ಲಿ ಗಾಳಿಯೇ ತೇವ, ತಟ್ಟಿ ಒಣಗುವುದೂ ಇಲ್ಲ, ತಂಪು ಕೊಡುವುದೂ ಇಲ್ಲ. ಅವಳ ಮನೆಗೆ ಗಾಳಿಯಾಡುವ ಕಿಟಕಿ, ನೆಲ ಒರೆಸುವ ನೀರಿಗೆ ನಾಲ್ಕು ಹನಿ ಮಜ್ಜಿಗೆಹುಲ್ಲಿನ ಎಣ್ಣೆ ಸಾಕು.

ಹೂವಿನ ಹಡಗಲಿ ನಿನಗೆ ದೂರವಿಲ್ಲ. ಮೈಸೂರು, ಉಡುಪಿ ಮಲ್ಲಿಗೆಗಳಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬೇಸಿಗೆಯೇ ಅದರ ಸುಗ್ಗಿ. ಬಿರಿಯದ ಮೊಗ್ಗು ಕೊಂಡು ತಂದು, ಸಂಜೆ ಅಗಲ ಬಾಯಿಯ ಬಟ್ಟಲಲ್ಲಿ ನೀರು ತುಂಬಿ ತೇಲಿಬಿಡು. ರಾತ್ರಿಯಿಡೀ ಪರಿಮಳ ಇರುತ್ತದೆ. ಸುಗಂಧರಾಜ ಮಲಗುವ ಕೋಣೆಗೆ ಬೇಡ, ಮುಚ್ಚಿದ ಕೋಣೆಯಲ್ಲಿ ಅದರ ವಾಸನೆ ತಲೆಗೇರುತ್ತದೆ.

ಮೇಣದಬತ್ತಿ ಬೇಡವೇ ಬೇಡ ಅನ್ನುತ್ತಿಲ್ಲ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದಲ್ಲ, ಆಗ ಎತ್ತಿಟ್ಟು ದೀಪಾವಳಿಗೆ ಹೊರತೆಗೆ. ಉರಿಯುವ ಒಂದು ಬತ್ತಿ ಹೆಚ್ಚುಕಡಿಮೆ ಹಳೆಯ 60 ವ್ಯಾಟ್ ಗುಂಡು ಬಲ್ಬಿನಷ್ಟು ಶಾಖ ಬಿಡುತ್ತದೆ. ಸಾಲದ್ದಕ್ಕೆ ಫ್ಯಾನಿನ ಗಾಳಿಗೆ ಜ್ವಾಲೆ ಹೊಯ್ದಾಡಿ ಮಸಿ ಕಾರುತ್ತದೆ, ಮೇಣ ಒಂದೇ ಕಡೆ ಕರಗಿ ಗುಳಿ ಬೀಳುತ್ತದೆ. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೂರುವವರು ಯಾರು? ಕೊಳ್ಳುವಾಗ ಯಾವ ಮೇಣ ಎಂದು ಓದು. ಗಾಜಿನ ಡಬ್ಬಿಯಲ್ಲಿ ಬರುವ ಸೋಯಾ ಮೇಣ 50 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಪಡುವಣ ಬಿಸಿಲು ಬೀಳುವ ಕಿಟಕಿಯಲ್ಲಿ, ನಿಲ್ಲಿಸಿದ ಕಾರಿನಲ್ಲಿ ಅದು ಹಚ್ಚುವ ಮೊದಲೇ ಬೆವರಿ ಎಣ್ಣೆ ಬಿಡುತ್ತದೆ. ಜೇನುಮೇಣ ಕರಗಲು 62 ಡಿಗ್ರಿಯಾದರೂ ಬೇಕು, ಅದು ನಮ್ಮ ಸೆಕೆ ತಾಳುತ್ತದೆ. ಮೊದಲ ಸಲ ಹಚ್ಚಿದಾಗ ಮೇಲ್ಭಾಗವೆಲ್ಲ ಅಂಚಿನವರೆಗೂ ಕರಗಲಿ. ಹಚ್ಚುವ ಮುನ್ನ ಬತ್ತಿಯ ನೂಲಿನ ತುದಿಯನ್ನು ಕಾಲು ಅಂಗುಲಕ್ಕೆ ಕತ್ತರಿಸು, ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬೇಡ. ಇನ್ನೊಂದು ಮಾತು: ಅಗ್ಗದ ಬತ್ತಿಯ ಮೇಲೆ ಶ್ರೀಗಂಧ ಎಂದು ಬರೆದಿದ್ದರೆ ಒಳಗೆ ಶ್ರೀಗಂಧದ ಎಣ್ಣೆ ಇದೆಯೆಂದು ನಂಬಬೇಡ. 1916ರಲ್ಲಿ ಮೈಸೂರಿನಲ್ಲಿ ಶುರುವಾದ ಶ್ರೀಗಂಧದೆಣ್ಣೆ ಕಾರ್ಖಾನೆಯ ಎಣ್ಣೆಯ ಬೆಲೆ ಒಮ್ಮೆ ವಿಚಾರಿಸು, ನಿನಗೇ ತಿಳಿಯುತ್ತದೆ.

ಕಡ್ಡಿ ಅದ್ದಿಡುವ ಡಿಫ್ಯೂಸರ್ ಸೀಸೆಗೆ ಬೆಂಕಿಯ ಹಂಗಿಲ್ಲ, ನಿಜ. ಆದರೆ ಸೆಕೆಯಲ್ಲಿ ಎಣ್ಣೆ ಬೇಗ ಆರುತ್ತದೆ, ವಾಸನೆಯೂ ಜೋರಾಗುತ್ತದೆ. ಅಂಗಡಿಯ ಎಸಿಯಲ್ಲಿ ಹಗುರ ಅನ್ನಿಸಿದ್ದು ಮನೆಗೆ ಬಂದು ಗಂಟಲು ಹಿಡಿಯುತ್ತದೆ. ನಿಂಬೆ, ಕಿತ್ತಳೆ ಮೊದಲು ಹಾರಿಹೋಗುತ್ತವೆ, ಸಿಹಿ ವಾಸನೆಗಳು ಮಾತ್ರ ಉಳಿದು ಜಿಗುಟೆನ್ನಿಸುತ್ತವೆ. ಎಂಟು ಕಡ್ಡಿ ಕೊಟ್ಟಿದ್ದರೆ ಮೂರೇ ಹಾಕು.

ನಿಮ್ಮತ್ತೆಯವರು ದೇವರ ಮುಂದೆ ಹಚ್ಚುವ ಊದುಬತ್ತಿಗೆ ನೀನು ಅಡ್ಡ ಹೇಳಬೇಡ, ಕಿಟಕಿ ತೆರೆದಿಡು ಅಷ್ಟೇ. ಎಷ್ಟು ಒಳ್ಳೆಯ ಬತ್ತಿಯಾದರೂ ಹೊಗೆ ಹೊಗೆಯೇ, ಉಬ್ಬಸ ಇರುವವರಿಗೆ ಆಗದು.

ಇನ್ನು ಕೆಲವೇ ತಿಂಗಳಲ್ಲಿ ಮನೆಗೆ ಮಗು ಬರುತ್ತದೆ. ಅದರ ಹತ್ತಿರ ಇವ್ಯಾವುವೂ ಸುಳಿಯದಿರಲಿ. ಕರ್ಪೂರವನ್ನು ಕೈಗೆಟುಕದಂತೆ ಇಡು, ಚೂರು ನುಂಗಿದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಕಪಾಟಿನ ನುಸಿಗುಳಿಗೆಗಳನ್ನು ಈಗಲೇ ತೆಗೆದುಬಿಡು. ಹುಟ್ಟಿನಿಂದ ಒಂದು ಬಗೆಯ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಆ ಗುಳಿಗೆಯ ವಾಸನೆ ಹತ್ತಿದ ಬಟ್ಟೆ ಕೂಡ ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಅದರ ಬದಲು ಲಾವಂಚದ ಸಣ್ಣ ಕಟ್ಟನ್ನು ಹಳೆಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಸೀರೆಗಳ ನಡುವೆ ಇಡು. ಗ್ರಂಧಿಗೆ ಅಂಗಡಿಯಲ್ಲಿ ಕೇಳು, ಸಿಗುತ್ತದೆ. ಬೇರಿಗೆ ಮಣ್ಣು ಅಂಟಿದ್ದರೆ ಒಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಕಟ್ಟು.