ಕಂಕನಾಡಿಯ ಆಲದ ಮರ



ನಮ್ಮ ಕಾಸರಗೋಡಿನ ಕಡೆ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ, ‘ಕಂಕನಾಡಿಗೆ ಕರೆದುಕೊಂಡು ಹೋಗಿ’ ಎನ್ನುತ್ತೇವೆ. ಆಸ್ಪತ್ರೆಯ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದನ್ನು ಕಟ್ಟಿದವರು ಮಂಗಳೂರಿಗೆ ಬಂದದ್ದು ವೈದ್ಯರ ಕೆಲಸಕ್ಕಲ್ಲ.

ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು 1841ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯವರ ತಂಡದಲ್ಲಿ ಅವರಿದ್ದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರಿಗೆ ಒಪ್ಪಿಸಿದ ಕೆಲಸ. ಅದರ ಜೊತೆಗೆ ಅವರಿಗೆ ಹೋಮಿಯೋಪತಿ ತಿಳಿದಿತ್ತು. ಮೊದಲು ಕಾಲೇಜಿನ ವಿದ್ಯಾರ್ಥಿಗಳಿಗೆ ಔಷಧಿ ಕೊಟ್ಟರು. ಅದೇ ವರ್ಷ ಕಂಕನಾಡಿಯ ಒಂದು ಆಲದ ಮರದ ಕೆಳಗೆ ಬಡವರಿಗೂ ಕೊಡತೊಡಗಿದರು. ಆಗ ಕಟ್ಟಡವೆಂಬುದೇ ಇರಲಿಲ್ಲ. (ಆ ಔಷಧಿಯ ಗುಣದ ಬಗ್ಗೆ ಇಂದೂ ವಾದವಿದೆ. ನಮ್ಮ ಪಾಠ ಅದರದ್ದಲ್ಲ.)

ಔಷಧಿ ಕೊಟ್ಟ ಮಾತ್ರಕ್ಕೆ ಅವರ ಹೆಸರು ಇಷ್ಟು ಕಾಲ ನಿಲ್ಲುತ್ತಿರಲಿಲ್ಲ ಎಂದು ನನಗೆ ತೋರುತ್ತದೆ. 1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದರು. ಆ ರೋಗ ಬಂದವರನ್ನು ಹೆತ್ತವರೂ ಮನೆಯಿಂದ ದೂರ ಇಡುತ್ತಿದ್ದ ಕಾಲ ಅದು. ಅವರಿಗಾಗಿ ಪೈಪೋಟಿಗೆ ಇಳಿಯುವವರು ಯಾರೂ ಇರಲಿಲ್ಲ. 1902ರಲ್ಲಿ ಪ್ಲೇಗ್ ಬಂದಾಗ ಪ್ಲೇಗ್ ರೋಗಿಗಳಿಗೂ ಆಸ್ಪತ್ರೆ ಮಾಡಿದರು. ಬೇರೆಯವರು ಮುಟ್ಟಲು ಹೆದರುವ ರೋಗಿಯನ್ನು ಮುಟ್ಟಿದವರಿಗೆ ಜನ ಮಿಕ್ಕ ರೋಗಿಗಳನ್ನೂ ಒಪ್ಪಿಸುತ್ತಾರೆ. ಅವರನ್ನು ‘ಮೇಷ್ಟ್ರು’ ಎಂದು ನೆನೆಯುವವರು ಈಗ ಯಾರಿದ್ದಾರೆ?

ಅವರು 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ ತೀರಿಕೊಂಡರು. ಹೋಮಿಯೋಪತಿ ಕಾಲೇಜು ಆರಂಭವಾದದ್ದು 1985ರಲ್ಲಿ, ಅಂದರೆ 75 ವರ್ಷಗಳ ನಂತರ.

ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತು, ಮಲಯಾಳಂ ತಡವರಿಸುತ್ತಾ ಹೊಸ ಕೆಲಸಕ್ಕೆ ಸೇರುವಾಗ ಅಂಜುತ್ತಾರೆ. ಆರು ತಿಂಗಳಲ್ಲಿ ಯಾರೂ ಗುರುತಿಸಲಿಲ್ಲವೆಂದು ಕೆಲಸ ಬಿಟ್ಟು ಬಂದವರೂ ಇದ್ದಾರೆ. ಹಾಗೆ ಬಂದವರನ್ನು ಗದರಿಸಬೇಡಿ. ಅವರ ಕಷ್ಟ ಸುಳ್ಳಲ್ಲ.

ಈ ತಿಂಗಳ ವಾಳೆ ಸಭೆಯಲ್ಲಿ ಯುವಕ ಯುವತಿಯರನ್ನು ಮುಂದೆ ಕೂರಿಸಿ ಇದನ್ನು ಮಾತನಾಡಿ: ನೀವು ಕೆಲಸ ಮಾಡುವ ಜಾಗದಲ್ಲಿ ಎಲ್ಲರೂ ಬೇಡವೆಂದು ಬಿಟ್ಟ ಕೆಲಸ ಯಾವುದು? ಅದನ್ನು ಒಂದು ವರ್ಷ ಚೆನ್ನಾಗಿ ಮಾಡಲು ನಿಮಗೆ ಮನೆಯವರಿಂದ ಏನು ಬೇಕು?