ದೀರ್ಘಕಾಲಿಕ ರೋಗಗಳ ಆರೈಕೆ ಮತ್ತು ಔಷಧ ವ್ಯಾಪಾರಿಯ ಹೊಣೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾ ಮೊದಲಾದ ರೋಗಗಳು ಒಂದು ವಾರದ ಮಾತ್ರೆಯಿಂದ ಗುಣವಾಗುವಂಥವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇವರು ವೈದ್ಯರನ್ನು ಕಾಣುವುದು ಕೆಲವು ತಿಂಗಳಿಗೊಮ್ಮೆ. ಔಷಧ ಅಂಗಡಿಗೆ ಬರುವುದಾದರೋ ಪ್ರತಿ ತಿಂಗಳು.

ನಾಗಮಂಗಲದ ರೋಗಿಯೊಬ್ಬರು ಸಕ್ಕರೆ ಕಾಯಿಲೆಗೆ ಬಿ.ಜಿ. ನಗರದಲ್ಲಿಯೂ ಹೃದಯದ ತೊಂದರೆಗೆ ಮೈಸೂರಿನಲ್ಲಿಯೂ ತೋರಿಸಿಕೊಳ್ಳುತ್ತಾರೆಂದು ಭಾವಿಸೋಣ. ಒಂದೇ ಔಷಧವು ಎರಡು ಚೀಟಿಗಳಲ್ಲಿ ಎರಡು ಕಂಪನಿಗಳ ಹೆಸರಿನಲ್ಲಿ ಬರೆಯಲ್ಪಟ್ಟಿರಬಹುದು. ಒಬ್ಬ ವೈದ್ಯರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳದಿರಬಹುದು. ಎರಡೂ ಒಟ್ಟಿಗೆ ಬಂದು ಸೇರುವುದು ಅಂಗಡಿಯ ಕೌಂಟರಿಗೆ. ಔಷಧತಜ್ಞನ ಪಾತ್ರ ಹಿರಿದಾಗುತ್ತಿರುವುದು ಈ ಕಾರಣದಿಂದಲೇ.

ಕಾನೂನು ಏನು ಹೇಳುತ್ತದೆ?

1948ರ ಫಾರ್ಮಸಿ ಕಾಯಿದೆಯಂತೆ ವೈದ್ಯರ ಚೀಟಿಗೆ ಔಷಧ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟನಿಗೆ ಸೇರಿದ್ದು. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ಔಷಧ ಕೊಡುವುದರ ಜೊತೆಗೆ ಅದರ ಬಳಕೆಯ ಬಗ್ಗೆ ರೋಗಿಗೆ ತಿಳಿವಳಿಕೆ ನೀಡುವುದನ್ನೂ ಅವನ ಕರ್ತವ್ಯವಾಗಿ ಗುರುತಿಸಿದೆ. 2008ರಲ್ಲಿ ನಿಯಮ ರೂಪಿಸಲಾದ ಫಾರ್ಮ್.ಡಿ. ಆರು ವರ್ಷಗಳ ಶಿಕ್ಷಣವಾಗಿದ್ದು, ಅದರ ಕೊನೆಯ ವರ್ಷವು ಆಸ್ಪತ್ರೆಯ ತರಬೇತಿಗೆ ಮೀಸಲು. ನಮ್ಮ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೇ ಆಸ್ಪತ್ರೆಯೊಡನೆ ಫಾರ್ಮಸಿ ಕಾಲೇಜೂ ಇರುವುದು ನಮ್ಮ ವ್ಯಾಪಾರಿಗಳಿಗೆ ದೊರೆತಿರುವ ಅನುಕೂಲ.

ಕೌಂಟರಿನಲ್ಲಿ ಗಮನಿಸಬೇಕಾದವು

1. ಇನ್ಸುಲಿನ್: ಸೀಸೆಗಳಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 40 ಯೂನಿಟ್ ಇರುತ್ತದೆ. 100 ಯೂನಿಟ್‌ನವೂ ಉಂಟು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳವಿರುವುದು ವಾಡಿಕೆ. 40ರ ಔಷಧವನ್ನು 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 8 ಯೂನಿಟ್ ಮಾತ್ರ. ಅದಲುಬದಲಾದರೆ 50 ಯೂನಿಟ್ ಸೇರಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಸೀಸೆ ಮತ್ತು ಸಿರಿಂಜನ್ನು ಜೊತೆಗಿಟ್ಟು ನೋಡದೆ ಕೊಡಬಾರದು. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಉಷ್ಣತೆಯಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು.

2. ನೋವಿನ ಮಾತ್ರೆ: ಕಬ್ಬಿನ ಗದ್ದೆಯಲ್ಲಿ ದುಡಿದು ಮೈಕೈ ನೋವೆಂದು ಬರುವವರು ಬಹಳ. ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ರಕ್ತದೊತ್ತಡವನ್ನು ಏರಿಸಬಲ್ಲವು, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಇದನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ, ಚೀಟಿಯಿದ್ದರೂ "ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳುವುದು ಲೇಸು.

3. ಮಾತ್ರೆ ನಿಲ್ಲಿಸುವುದು: ತಲೆನೋವಿಲ್ಲ, ಸುಸ್ತಿಲ್ಲ ಎಂದು ರಕ್ತದೊತ್ತಡದ ಮಾತ್ರೆ ಬಿಡುವವರುಂಟು. ಬಾಧೆಯಿಲ್ಲದೆಯೂ ಒತ್ತಡ ಏರಿರಬಹುದೆಂದು ತಿಳಿಹೇಳಬೇಕು. ತಿಂಗಳ ಗಿರಾಕಿ ಬಾರದಿದ್ದರೆ ವಿಚಾರಿಸಲು, ಅವರ ಒಪ್ಪಿಗೆ ಪಡೆದು ಒಂದು ನೋಂದಣಿ ಪುಸ್ತಕವಿಟ್ಟರೆ ಸಾಕು.

ಎಲ್ಲೆ ಮತ್ತು ಲಾಭ

ರೋಗ ನಿರ್ಣಯಿಸುವುದಾಗಲಿ, ವೈದ್ಯರು ಬರೆದ ಪ್ರಮಾಣವನ್ನು ಬದಲಾಯಿಸುವುದಾಗಲಿ ಔಷಧತಜ್ಞನ ಕೆಲಸವಲ್ಲ. ಸಂಶಯ ಬಂದರೆ ವೈದ್ಯರಿಗೆ ದೂರವಾಣಿ ಮಾಡಿ ಕೇಳಬೇಕು. ಪ್ರಮಾಣಪತ್ರವನ್ನು ಮಾತ್ರ ಗೋಡೆಗೆ ತೂಗುಹಾಕಿ, ಅದರ ಒಡೆಯ ಅಂಗಡಿಯಲ್ಲಿಲ್ಲದಿದ್ದರೆ ಈ ಯಾವ ಸೇವೆಯೂ ಸಾಧ್ಯವಿಲ್ಲ. ಅದು ಕಾನೂನಿಗೂ ವಿರುದ್ಧ.

ಇಂದು ಮೊಬೈಲಿನಲ್ಲಿ ಕೋರಿಕೆ ಸಲ್ಲಿಸಿದರೆ ರಿಯಾಯಿತಿ ದರದ ಔಷಧ ಮನೆಗೆ ಬರುತ್ತದೆ. ದರದ ಪೈಪೋಟಿಯಲ್ಲಿ ಸಣ್ಣ ಊರಿನ ಅಂಗಡಿ ಗೆಲ್ಲುವುದು ಕಷ್ಟ. ಆದರೆ ಎರಡು ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, "ಅಮ್ಮಾ, ಇವೆರಡೂ ಒಂದೇ ಮಾತ್ರೆ, ನುಂಗುವ ಮುನ್ನ ಡಾಕ್ಟರನ್ನು ಕೇಳೋಣ" ಎಂದು ಹೇಳುವ ಅಂಗಡಿಯನ್ನು ಗಿರಾಕಿ ಸುಲಭವಾಗಿ ಬಿಡಲಾರ. ಐದು ನಿಮಿಷದ ಈ ಮಾತಿಗೆ ಬಂಡವಾಳ ಬೇಕಿಲ್ಲ. ಉಳಿಯುವುದು ಒಂದು ಜೀವವಾಗಿರಬಹುದು. ನಮ್ಮ ಔಷಧ ವ್ಯಾಪಾರಿ ಬಂಧುಗಳು ಈ ದಿಸೆಯಲ್ಲಿ ಚಿಂತಿಸಬೇಕಾಗಿದೆ.