ದಸರಾ ರಜೆಗೆ ಬಂದವರು ಕಾಲೇಜಿಗೆ ಮರಳಲಿಲ್ಲ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ನಮ್ಮ ಐದು ಮಕ್ಕಳನ್ನು, ಮನೆಯವರನ್ನು ಒಪ್ಪಿಸಿ, ಜಿಲ್ಲಾ ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿಸಿದೆ. ಫೀಸನ್ನೂ ನಾನೇ ಕಟ್ಟಿದೆ. ದಸರಾ ರಜೆಗೆ ಬಂದವರಲ್ಲಿ ಮೂವರು ತಿರುಗಿ ಹೋಗಲಿಲ್ಲ. ಒಬ್ಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ, ಒಬ್ಬಳು ತಾಯಿಯ ಜೊತೆ ಹತ್ತಿ ಬಿಡಿಸುತ್ತಿದ್ದಾಳೆ, ಮತ್ತೊಬ್ಬಳಿಗೆ ಗಂಡು ನೋಡುತ್ತಿದ್ದಾರೆ. ‘ಇಲ್ಲದ ಆಸಿ ಹಚ್ಚಿ ಬಿಟ್ರಿ ಸರ್’ ಅಂದಳು ಒಬ್ಬ ತಾಯಿ. ಈಗಿನ ಹತ್ತನೇ ತರಗತಿ ಮಕ್ಕಳಿಗೆ ನಾನು ಏನು ಹೇಳಲಿ?
– ಹೆಸರು ಬೇಡ, ರಾಯಚೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ಆ ತಾಯಿಯ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಹತ್ತಿ ಬಿಡಿಸುವ ಕಾಲದಲ್ಲಿ ಮನೆಯ ಎರಡು ಕೈ ಕಾಲೇಜಿನಲ್ಲಿದ್ದರೆ ಆ ಕೂಲಿ ತಪ್ಪುತ್ತದೆ. ಆ ನಷ್ಟವನ್ನು ಹೊತ್ತವಳು ಅವಳು. ನೀವು ಕಟ್ಟಿದ ಫೀಸು ದೊಡ್ಡ ಮನಸ್ಸಿನ ಕೆಲಸ, ಆದರೆ ಸರ್ಕಾರಿ ಕಾಲೇಜಿನಲ್ಲಿ ಬಡ ಮಕ್ಕಳನ್ನು ಬೀಳಿಸುವುದು ಫೀಸಲ್ಲ. ಊಟ ಮತ್ತು ಮಲಗಲು ಜಾಗ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು: ವಾರಾನ್ನದ ಮನೆಗಳು, ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಪಾಠಕ್ಕಿಂತ ಮೊದಲು ತಟ್ಟೆ ಇಟ್ಟವು.

ಜೂನ್‌ನಲ್ಲಿ ಕಾಲೇಜು ಶುರುವಾಗುತ್ತದೆ. ಮೆಟ್ರಿಕ್ ನಂತರದ ಹಾಸ್ಟೆಲ್‌ಗಳ ಆಯ್ಕೆ ಪಟ್ಟಿ ಬರುವಷ್ಟರಲ್ಲಿ ವಾರಗಳು ಉರುಳಿರುತ್ತವೆ, ವಿದ್ಯಾರ್ಥಿವೇತನ ಅದಕ್ಕಿಂತಲೂ ತಡ. ಆ ನಡುವಿನ ತಿಂಗಳುಗಳಲ್ಲಿ ಮಕ್ಕಳು ಎಲ್ಲಿದ್ದರು, ಏನು ತಿಂದರು? ಮೂವರನ್ನೂ ಕೇಳಿ ನೋಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಶುರುವಿನಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ಆದರೆ ಅದಕ್ಕೂ ಅರ್ಜಿ, ಅದಕ್ಕೂ ಕಾಯುವುದು. ಮುಂದಿನ ವರ್ಷ ನಿಮ್ಮ ಹಣವನ್ನು ಈ ಕಾಯುವ ತಿಂಗಳುಗಳ ಮೆಸ್‌ಗೆ ಎತ್ತಿಡಿ.

ಕಾಗದದ ಕೆಲಸವನ್ನು ಫಲಿತಾಂಶದವರೆಗೆ ಬಿಡಲೇಬೇಡಿ. ಶಾಲೆಯ ದಾಖಲೆಯಲ್ಲಿ ಯಲ್ಲಮ್ಮ, ಆಧಾರ್‌ನಲ್ಲಿ ಯಲ್ಲವ್ವ – ಇಷ್ಟು ಸಾಕು, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಅಲ್ಲೇ ಕೂರುತ್ತದೆ. ಎಸ್ಸೆಸ್ಸೆಲ್ಸಿ ನೋಂದಣಿಗೆ ಹೆಸರು ಕಳಿಸುವ ಮೊದಲೇ ಒಂದೊಂದು ಮಗುವಿನ ಆಧಾರ್ ಪಕ್ಕದಲ್ಲಿಟ್ಟು ಓದಿ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ನಿಮ್ಮ ಭಾಗದವರಿಗೆ ಬೇಕಾದ 371ಜೆ ಪತ್ರ, ಎಲ್ಲ ಮಾರ್ಚ್‌ಗೆ ಮುಂಚೆ ಕೈಯಲ್ಲಿರಲಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಮೀಸಲಾತಿ ಇದೆ: ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಆ ಪ್ರಮಾಣಪತ್ರಗಳಿಗೆ ಬಿಇಒ ಸಹಿ ಹಾಕಿಸಿ ಟಿಸಿ ಜೊತೆಗೇ ಕೊಟ್ಟು ಕಳಿಸಿ. ಎರಡು ವರ್ಷದ ನಂತರ ಗಡಿಬಿಡಿಯಲ್ಲಿ ಓಡಿಬಂದು ಕೇಳುವ ಹೊತ್ತಿಗೆ ನಿಮಗೆ ವರ್ಗವಾಗಿರಬಹುದು.

ಇನ್ನೊಂದು ಮಾತು, ನಿಮಗೆ ಹಿಡಿಸದಿರಬಹುದು. ಐವರನ್ನೂ ವಿಜ್ಞಾನಕ್ಕೇ ಯಾಕೆ ಹಾಕಿದಿರಿ? ಹತ್ತು ವರ್ಷ ಕನ್ನಡದಲ್ಲಿ ಲೆಕ್ಕ ಮಾಡಿದ ಹುಡುಗ ಜೂನ್‌ನ ಮೊದಲ ವಾರವೇ ಇಂಗ್ಲಿಷ್ ಭೌತಶಾಸ್ತ್ರದ ಎದುರು ಕೂತಾಗ, ತಾನು ದಡ್ಡ ಎಂದುಕೊಳ್ಳುತ್ತಾನೆ. ಜಾಣರೆಲ್ಲ ವಿಜ್ಞಾನಕ್ಕೆ ಎಂಬುದು ನಮ್ಮ ಸ್ಟಾಫ್ ರೂಮುಗಳ ಹಳೆಯ ಚಟ. ಕಲಾ ವಿಭಾಗದಿಂದ ಕೆಎಎಸ್‌ಗೆ, ವಾಣಿಜ್ಯದಿಂದ ಬ್ಯಾಂಕಿಗೆ ಹೋದವರಿಲ್ಲವೇ? ಕೈಕೆಲಸ ಇಷ್ಟವಿದ್ದವನಿಗೆ ಡಿಪ್ಲೊಮಾ ಇದೆ. ಮುಗಿಸಿ ಡಿಸಿಇಟಿ ಬರೆದರೆ ನೇರ ಎಂಜಿನಿಯರಿಂಗ್ ಎರಡನೇ ವರ್ಷ. ವಿಜ್ಞಾನವೇ ಬೇಕೆನ್ನುವವರಿಗೆ ಏಪ್ರಿಲ್-ಮೇ ರಜೆಯಲ್ಲಿ ಪಾರಿಭಾಷಿಕ ಪದಗಳನ್ನಾದರೂ ಇಂಗ್ಲಿಷಿನಲ್ಲಿ ರೂಢಿ ಮಾಡಿಸಿ.

ಈಗ ಆ ಮೂವರ ಮಾತು. ಗಂಡು ನೋಡುತ್ತಿರುವ ಮನೆಗೆ ಇವತ್ತೇ ಹೋಗಿ, ಆದರೆ ಒಬ್ಬರೇ ಹೋಗಬೇಡಿ. ಮನೆಯವರು ಮಾತು ಕೇಳುವ ಹಿರಿಯರೊಬ್ಬರು, ಅಂಗನವಾಡಿ ಕಾರ್ಯಕರ್ತೆ ಜೊತೆಗಿರಲಿ. ಹದಿನೆಂಟು ತುಂಬದೆ ಮದುವೆ ಅಪರಾಧ ಎಂದು ಸ್ಪಷ್ಟವಾಗಿ ಹೇಳಿ. ದಿನ ಗೊತ್ತಾಗಿದೆ ಅಂದರೆ 1098ಕ್ಕೆ ಫೋನ್ ಮಾಡಿ, ಅಲ್ಲಿ ದಾಕ್ಷಿಣ್ಯ ಬೇಡ. ಆದರೆ ತಂದೆಗೆ ಕಾನೂನಿಗಿಂತ ಲೆಕ್ಕ ಬೇಗ ಅರ್ಥವಾಗುತ್ತದೆ: ಹತ್ತನೆಯದನ್ನೂ ಪಿಯುಸಿಯನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಬಸ್ಸಿಗಂತೂ 2023ರಿಂದ ‘ಶಕ್ತಿ’ ಇದೆ, ಊರಿಂದಲೇ ಓಡಾಡುವಷ್ಟು ಹತ್ತಿರದ ಕಾಲೇಜಾದರೆ ರಾತ್ರಿ ಮನೆಯಲ್ಲೇ ಇರುತ್ತಾಳೆ.

ಹತ್ತಿ ಬಿಡಿಸುವ ಹುಡುಗಿಯ ವಿಷಯ ಸಲೀಸು. ಪರೀಕ್ಷೆಗೆ ಶೇ. 75 ಹಾಜರಾತಿ ಬೇಕು. ಎಷ್ಟು ದಿನ ಉಳಿದಿದೆ ಎಂದು ಪ್ರಾಂಶುಪಾಲರನ್ನು ಈ ವಾರವೇ ಕೇಳಿ. ಕೂಡಿಬಂದರೆ ಸುಗ್ಗಿ ಮುಗಿಯುವವರೆಗೆ ಕಾಯದೆ ಕಳಿಸಿಕೊಡಲು ತಾಯಿಯನ್ನು ಒಪ್ಪಿಸಿ.

ಗಾರೆ ಕೆಲಸದ ಹುಡುಗನಿಗೆ ಫೋನ್ ಮಾಡಿದಾಗ ಓದಿನ ಮಾತು ಎತ್ತಬೇಡಿ, ಅವನು ಕಟ್ ಮಾಡುತ್ತಾನೆ. ಊಟ ಹೇಗಿದೆ, ಕೂಲಿ ಸರಿಯಾಗಿ ಕೊಡುತ್ತಾರಾ ಎಂದಷ್ಟೇ ಕೇಳಿ. ತಿಂಗಳಿಗೊಮ್ಮೆ ಸಾಕು. ಮೇ ತಿಂಗಳ ಫೋನಿನಲ್ಲಿ ಮಾತ್ರ, ಹಾಸ್ಟೆಲ್ ಅರ್ಜಿ ತುಂಬಿಸಿಟ್ಟಿದ್ದೇನೆ, ಸಹಿ ಹಾಕೋಕೆ ಯಾವಾಗ ಬರ್ತೀಯ ಎಂದು ಕೇಳಿ.